ಜೂನಿನ ಬೊಗುಮಿಲ್, ಅಕ್ಟೋಬರಿನ ಬೊಹುಮಿಲ್

ಇವತ್ತಿನ ದಿನ ಮಗನಿಗೆ ನೆನಪಿದ್ದೀತೇ? ನೆನಪಿದ್ದೂ ಬಾರದಿದ್ದರೆ ಅದು ಸೊಕ್ಕು. ನೆನಪೇ ಇಲ್ಲದಿದ್ದರೆ ಅದು ಇನ್ನೂ ಕೆಟ್ಟದ್ದು. ಎರಡರಲ್ಲಿ ಯಾವುದಾದರೆ ತನ್ನ ಎದೆ ಸ್ವಲ್ಪ ಹಗುರವಾದೀತು ಎಂದು ಮುದುಕ ಬೊಗುಮಿಲ್ ವಾಲಿತ್ಸಾ ಕಿಟಕಿಯ ಬಳಿ ನಿಂತು ತೂಗಿ ನೋಡುತ್ತಿದ್ದ. ತಕ್ಕಡಿ ಯಾವ ಕಡೆಗೂ ವಾಲುತ್ತಿರಲಿಲ್ಲ. ಕಿಟಕಿಯ ಕೆಳಗೆ ಬೀದಿ ಇಳಿಜಾರಾಗಿ ಓಲ್ಜಾ ನದಿಯ ಸೇತುವೆಯತ್ತ ಹೋಗುತ್ತಿತ್ತು. ಸೇತುವೆಯ ಈಚೆ ಪೋಲೆಂಡ್, ಆಚೆ ಚೆಕ್ ದೇಶ. ಆಚೆಯಿಂದ ಯಾರು ಯಾರೋ ಸೇತುವೆ ದಾಟಿ ಬಂದರು. ಬೇಕಾದವನು ಮಾತ್ರ ಕಾಣಲಿಲ್ಲ.

ಮೇಜಿನ ಮೇಲೆ ಸ್ಟ್ರಾಬೆರಿ ಕೇಕು, ಬ್ರೆಡ್ಡಿನ ತುಂಡುಗಳ ಮೇಲೆ ಹೆರಿಂಗ್ ಮೀನು, ಮನೆಯಲ್ಲೇ ಇಳಿಸಿದ ಚೆರಿ ಮದ್ಯ ಎಲ್ಲ ಸಿದ್ಧವಾಗಿದ್ದವು. ಯಾರನ್ನೂ ಕರೆದಿರಲಿಲ್ಲ. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಕ್ಯಾಲೆಂಡರಿನಲ್ಲಿ ಆ ಹೆಸರಿನ ಸಂತನ ದಿನ ಬಂತೆಂದರೆ, ನೆನಪಿಟ್ಟವರು ತಾವಾಗಿ ಬರುತ್ತಾರೆ. ಹೆಸರಿನವನು ಊಟ ಹರಡಿಕೊಂಡು ಕಾಯುತ್ತಾನೆ. ಅವತ್ತು ಅವನು ಹೊಸ್ತಿಲು ದಾಟುವಂತಿಲ್ಲ. ನೆನಪಿಟ್ಟು ಬಂದವರು ಮುಚ್ಚಿದ ಬಾಗಿಲು ನೋಡಿಕೊಂಡು ಹೋಗುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಪೋಲೆಂಡಿನ ಜಿವಿಯೆತ್ಸ್ ಊರಿನ ಕಡೆಯಿಂದ ಬಂದಿದ್ದ ಅವನ ತಾಯಿ ಇದನ್ನು ಅವನಿಗೆ ಕಿವಿ ಹಿಂಡಿ ಕಲಿಸಿದ್ದಳು. ಅವನು ತನ್ನ ಮಗನಿಗೆ ಕಲಿಸಿದ್ದ. ಮಗನ ಹೆಸರೂ ಬೊಗುಮಿಲ್ಲೇ, ಮನೆಯಲ್ಲಿ ಬೊಗುಶ್. ಜೂನ್ ಹತ್ತು ಬಂತೆಂದರೆ ತಂದೆ ಮಗ ಇಬ್ಬರೂ ಇದೇ ಮೇಜಿನ ಎರಡು ತುದಿಯಲ್ಲಿ ಮದುಮಕ್ಕಳ ಹಾಗೆ ಕೂರುತ್ತಿದ್ದರು, ಬಂದವರ ಹೂವು ಇಬ್ಬರಿಗೂ ಹಂಚಿಹೋಗುತ್ತಿತ್ತು.

ಈ ಮನೆತನದಲ್ಲಿ ಆ ಹೆಸರು ಹೊಸದಲ್ಲ. ವಾಲಿತ್ಸಾನ ಅಪ್ಪ ಹುಟ್ಟಿದಾಗ ಊರು ಆಸ್ಟ್ರಿಯದ ಚಕ್ರವರ್ತಿಯದಾಗಿತ್ತು. ಪಾದ್ರಿ ಅವನನ್ನು ಜರ್ಮನ್ ಭಾಷೆಯಲ್ಲಿ ಗಾಟ್‌ಲೀಬ್ ಎಂದು ಬರೆದುಕೊಂಡ. ಆಮೇಲೆ ಪೋಲೆಂಡ್ ಬಂತು, ಬೊಗುಮಿಲ್ ಆದ. ಯುದ್ಧ ಬಂತು, ಜರ್ಮನರು ಬಂದರು, ಮತ್ತೆ ಗಾಟ್‌ಲೀಬ್. ಸ್ಲೊವಾಕಿಯಾದಲ್ಲಿದ್ದ ಅತ್ತೆಯೊಬ್ಬಳು ಸಾಯುವವರೆಗೂ ಮಾರ್ಚ್ ತಿಂಗಳ ಮೊದಲ ವಾರದಲ್ಲೇ ಶುಭಾಶಯ ಕಳಿಸುತ್ತಿದ್ದಳು, ಏಕೆಂದರೆ ಅಲ್ಲಿನ ಕ್ಯಾಲೆಂಡರಿನಲ್ಲಿ ಬೊಹುಮಿಲ್‌ನ ದಿನ ಬರುವುದು ಆಗ. ಚೆಕ್ಕರಲ್ಲಿ ಅದು ಅಕ್ಟೋಬರ್ ಮೂರು. ಎಲ್ಲರ ಬಾಯಲ್ಲೂ ಅರ್ಥ ಒಂದೇ, ದೇವರಿಗೆ ಬೇಕಾದವನು. ಅಪ್ಪ ನಗುತ್ತಿದ್ದ: ದೇವರಿಗೆ ಬೇಕಾಗಿದ್ದೇನೋ ಸರಿ, ಯಾವ ಸರ್ಕಾರಕ್ಕೂ ಬೇಕಾಗಲಿಲ್ಲ.

ಅಪ್ಪನಿಗೆ ಒತ್ತಾಯದಿಂದ ಬಂದ ಹೆಸರಿನ ಬದಲಾವಣೆಯನ್ನು ಮಗ ಬೊಗುಶ್ ತಾನಾಗಿ ಬರಮಾಡಿಕೊಂಡ. ವಾಲಿತ್ಸಾನ ಎದೆಯಲ್ಲಿ ಮುಳ್ಳಾಗಿ ನಿಂತದ್ದು ಇದು. ಬೊಗುಶ್ ನದಿಯಾಚೆಯ ರೈಲ್ವೆಯಲ್ಲಿ ಕೆಲಸ ಹಿಡಿದ, ಜ್ದೆನ್ಯಾ ಎಂಬ ಚೆಕ್ ಹುಡುಗಿಯನ್ನು ಮದುವೆಯಾದ, ಅಲ್ಲಿಯ ಪ್ರಜೆಯಾದ. ಆಗುವಾಗ ಹೆಸರನ್ನೂ ಬೊಹುಮಿಲ್ ಎಂದು ಬರೆಸಿದ. ಪ್ರತಿ ಸಲ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿ ಸಾಕಾಯಿತು ಎಂಬುದು ಅವನು ಕೊಟ್ಟ ಕಾರಣ. ಅಷ್ಟು ಸಣ್ಣ ಕಾರಣ. ಸಿಟ್ಟು, ಹಟ, ಹೆಂಡತಿಯ ಮಾತು, ಏನಾದರೂ ದೊಡ್ಡದಿದ್ದಿದ್ದರೆ ಮುದುಕ ಹೇಗೋ ನುಂಗಿಕೊಳ್ಳುತ್ತಿದ್ದ. ಅವತ್ತು ಇದೇ ಮೇಜಿನ ಮುಂದೆ ಅವನು ಮಗನಿಗೆ, "ಹಂಗಾದ್ರೆ ಇನ್ಮೇಲೆ ನಿನ್ನ ಹಬ್ಬಕ್ಕೆ ಅಕ್ಟೋಬರ್‌ತನಕ ಕಾಯಿ. ಜೂನಲ್ಲಿ ಇಲ್ಲಿ ನಿಂಗೇನೂ ಇಲ್ಲ" ಎಂದಿದ್ದ. ಮಗ ಕೋಟು ಹಾಕಿಕೊಂಡು ಹೋದ. ಈಗ ಬಂದಿರುವುದು ಅದಾದ ಮೇಲಿನ ಮೂರನೆಯ ಜೂನ್.

ಮೊದಲು ಬಂದವನು ಕರೋಲ್, ಕಾರ್ಖಾನೆಯ ಹಳೆಯ ಜೊತೆಗಾರ. ಒಂದು ಬಾಟಲಿ ತಂದಿದ್ದ, ತಂದದ್ದನ್ನು ತಾನೇ ಬಿಚ್ಚಿದ. ಕುರ್ಚಿಗಳನ್ನು ಎಣಿಸಿ ನೋಡಿ, ಜನಕ್ಕಿಂತ ಕುರ್ಚಿಯೇ ಜಾಸ್ತಿಯಾಯಿತಲ್ಲ, ಕುರ್ಚಿಗಳೂ ಹಬ್ಬಕ್ಕೆ ಬಂದಿವೆಯೇನು ಎಂದು ಕೇಳಿದ. ವಾಲಿತ್ಸಾ ಹೆರಿಂಗಿನ ತಟ್ಟೆಯನ್ನು ಅವನ ಮುಂದೆ ತಳ್ಳಿದ. ಕಳೆದ ವರ್ಷವೂ ಅವನು ಹೀಗೇ ತಟ್ಟೆ ತಳ್ಳಿ ಬಾಯಿ ಮುಚ್ಚಿಸಿದ್ದ.

ಆಮೇಲೆ ಹೆರ್ಮೀನಾ ಬಂದಳು, ತೀರಿಹೋದ ಹೆಂಡತಿ ಒತಿಲಿಯಾಳ ತಂಗಿ. ಕೈತುಂಬ ಕೆಂಪು ಪಿಯೊನಿ ಹೂವು. ಬೆಳಗಿನ ಬನ್ನಿಗೆ, ಚಾಕಲೇಟಿಗೆ ಆಚೆ ದಡಕ್ಕೇ ಹೋಗುವ ಹೆಂಗಸು. ಸೇತುವೆಯ ಎರಡೂ ಕಡೆಯ ಸುದ್ದಿ ಅವಳ ಚೀಲದಲ್ಲಿರುತ್ತಿತ್ತು. ಇವತ್ತು ಮಾತ್ರ ಬಂದವಳೇ ಸುಮ್ಮನೆ ಕೂತಳು. ಕರೋಲ್‌ನ ಹಳೆಯ ಜೋಕಿಗೂ ನಗಲಿಲ್ಲ. ವಾಲಿತ್ಸಾ ಹೂದಾನಿಗೆ ನೀರು ತುಂಬಲು ಅಡುಗೆಮನೆಗೆ ಹೋದಾಗ ಹಿಂದೆಯೇ ಎದ್ದು ಬಂದು ಬಾಗಿಲು ಎಳೆದುಕೊಂಡಳು.

"ಭಾವ, ಬೆಳಗ್ಗೆ ಕೇಕಿನಂಗಡೀಲಿ ಜ್ದೆನ್ಯಾ ಸಿಕ್ಕಿದ್ಲು."

"ಸಿಗ್ಲಿ. ಅವಳ ಊರಲ್ಲವಾ."

"ಸ್ಟ್ರಾಬೆರಿ ಕೇಕ್ ತಗೋತಿದ್ಲು. ಏನಮ್ಮ ವಿಶೇಷ ಅಂದೆ. ಇವತ್ತು ನಮ್ಮನೆಯೋರ ಹೆಸರಿನ ಹಬ್ಬ ಅಂದ್ಲು."

ವಾಲಿತ್ಸಾ ನಲ್ಲಿ ನಿಲ್ಲಿಸಿದ. ಅವನ ಹಬ್ಬ ಈಗ ಅಕ್ಟೋಬರಿನಲ್ಲಿ ತಾನೇ ಎಂದ.

"ಅಕ್ಟೋಬರಲ್ಲಿ ಆಫೀಸಿನೋರು ಬರ್ತಾರಂತೆ, ಬಿಯರ್ ಕುಡ್ದು ಹೋಗ್ತಾರಂತೆ. ಇವತ್ತು ಮಾತ್ರ ಇವನು ರಜ ಹಾಕಿ ಮನೇಲಿ ಕೂರ್ತಾನಂತೆ. ಪ್ರತಿ ವರ್ಷ. ಯಾರೂ ಬರಲ್ಲ. ಆಚೆ ದಡದಲ್ಲಿ ಇವತ್ತು ಬೊಗುಮಿಲ್ ದಿನ ಅಂತ ಯಾವನಿಗೆ ಗೊತ್ತು? ಸಂಜೆ ಅವಳೇ ಕೇಕ್ ಎತ್ತಿಡ್ತಾಳಂತೆ."

ಹೂದಾನಿಯಿಂದ ನೀರು ತುಳುಕಿ ಅವನ ಚಪ್ಪಲಿಯ ಮೇಲೆ ಬಿತ್ತು. ಮೊದಲು ಬಂದದ್ದು ಕೋಪವೇ. ನೆನಪಿದೆ ಎಂದರೆ ಬರಬಾರದಿತ್ತೇ? ಕಾಲು ಬಿದ್ದುಹೋಗಿತ್ತೇ? ಸೇತುವೆಯಲ್ಲಿ ಈಗ ಕಾವಲಿನವರೂ ಇಲ್ಲ, ಕಾಗದ ಕೇಳುವವರೂ ಇಲ್ಲ. ಹೀಗೆಲ್ಲ ಗೊಣಗಿದ. ಹೆರ್ಮೀನಾ ಅವನು ಮುಗಿಸುವವರೆಗೂ ಕಾದಳು.

"ಹೆಸರಿನೋನು ಹೊಸ್ತಿಲು ದಾಟಬಾರದು ಅಂತ ಅವನಿಗೆ ಹೇಳ್ಕೊಟ್ಟೋರು ಯಾರು ಭಾವ? ನಮ್ಮಕ್ಕ ಅಲ್ಲ. ನಾನಂತೂ ಅಲ್ಲ."

ಅವನು ಹೂವನ್ನು ಹೂದಾನಿಗೆ ಇಳಿಸಿದ, ಮತ್ತೆ ತೆಗೆದ, ಮತ್ತೆ ಇಳಿಸಿದ. ಮೂರು ಜೂನ್‌ಗಳಲ್ಲಿ ಈ ಕಿಟಕಿಯಲ್ಲಿ ಒಬ್ಬ, ಆ ಕಿಟಕಿಯಲ್ಲಿ ಇನ್ನೊಬ್ಬ. ಮಧ್ಯೆ ಒಂದು ಸಣ್ಣ ನದಿ, ಬೇಸಿಗೆಯಲ್ಲಿ ಮಕ್ಕಳು ಪ್ಯಾಂಟು ಮಡಚಿಕೊಂಡು ದಾಟುವಂಥದ್ದು. ಇಬ್ಬರೂ ಒಂದೇ ನಿಯಮ ಪಾಲಿಸುತ್ತಾ, ಇನ್ನೊಬ್ಬ ಮರೆತಿದ್ದಾನೆ ಎಂದುಕೊಂಡು ಕೂತಿದ್ದರು. ಬೈಯಬೇಕೆಂದರೆ ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಅದೇ ಅವನಿಗೆ ಇನ್ನಷ್ಟು ಉರಿ ಹತ್ತಿಸಿತು.

ಹೋಗುವುದೆಂದರೆ ಹೇಗೆ? ಮನೆಯಲ್ಲಿ ಜನ ಕೂತಿದ್ದಾರೆ. ಮೇಲಿನ ಮನೆಯವರು ಇನ್ನೂ ಬರಬೇಕು. ಹಬ್ಬದವನೇ ಹಬ್ಬ ಬಿಟ್ಟು ಹೋದ ಎಂದು ನಾಳೆ ಇಡೀ ಬೀದಿ ಆಡಿಕೊಳ್ಳುತ್ತದೆ. ತಾಯಿ ಬದುಕಿದ್ದರೆ ಮುಖ ತಿರುಗಿಸುತ್ತಿದ್ದಳು. ಬೇಡ ಎನ್ನುವುದಕ್ಕೆ ಅವನ ಬಳಿ ಇನ್ನೂ ಬೇಕಾದಷ್ಟು ಕಾರಣಗಳಿದ್ದವು. ಅವನ್ನೆಲ್ಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಹೂದಾನಿಯಿಂದ ಪಿಯೊನಿಗಳನ್ನು ಎಳೆದುಕೊಂಡು, ನೀರು ಸೋರುತ್ತಿದ್ದ ಹಾಗೇ ಹಜಾರಕ್ಕೆ ಬಂದು ಟೋಪಿ ಹುಡುಕಿದ.

"ಎಲ್ಲಿಗೋ?" ಎಂದ ಕರೋಲ್.

"ಬರ್ತೀನಿ. ಕೂತಿರು."

"ಹೋಗಪ್ಪ. ನೀನಿಲ್ದಿದ್ರೆ ಹೆರಿಂಗ್ ಸ್ವಲ್ಪ ಜಾಸ್ತಿ ಸಿಗತ್ತೆ ನಂಗೆ."

ಸೇತುವೆಯ ಮೇಲೆ ಪರಿಚಯದ ಹೆಂಗಸೊಬ್ಬಳು ಎದುರಾಗಿ, ಎಂದೆಂದೂ ಸುಖವಾಗಿರಿ ಎಂದು ಹಾರೈಸಿ, ಹಬ್ಬದವರು ಬೀದಿಯಲ್ಲಿ ಏನು ಮಾಡುತ್ತಿದ್ದೀರಿ ಎಂದು ಅಚ್ಚರಿಪಟ್ಟಳು. ಅವನು ಟೋಪಿ ಮುಟ್ಟಿ ಮುಂದೆ ನಡೆದ. ಮಗನ ಮನೆ ನದಿಗೆ ಹತ್ತಿರವೇ, ಮೂರನೆಯ ಮಹಡಿ. ಬಾಗಿಲ ಮೇಲೆ ಹಿತ್ತಾಳೆಯ ಫಲಕ: ಬೊಹುಮಿಲ್ ವಾಲಿತ್ಸಾ. ಫಲಕದ ಒಂದು ತಿರುಪು ಸಡಿಲವಾಗಿತ್ತು. ಅದನ್ನು ಉಗುರಿನಿಂದ ತಿರುಗಿಸಲು ನೋಡುತ್ತಿದ್ದಾಗಲೇ ಜ್ದೆನ್ಯಾ ಬಾಗಿಲು ತೆರೆದಳು. ಅವನನ್ನು ನೋಡಿ ಒಳಗೆ ದಾರಿ ಬಿಟ್ಟಳು.

ಮಗ ಇಸ್ತ್ರಿಯ ಅಂಗಿ ತೊಟ್ಟು ಮೇಜಿನ ತುದಿಯಲ್ಲಿ ಕೂತಿದ್ದ. ಎದುರಿನ ತುದಿಯಲ್ಲಿ ಒಂದು ಕುರ್ಚಿ, ಒಂದು ತಟ್ಟೆ. ಕೇಕಿಗೆ ಚಾಕು ಬಿದ್ದಿರಲಿಲ್ಲ. ಮುದುಕ ಹೂವು ಚಾಚಿದ. ಮಗ ಎದ್ದು ತೆಗೆದುಕೊಂಡ. ಇಬ್ಬರೂ ಒಬ್ಬರಿಗೊಬ್ಬರು ಹಬ್ಬದ ಹಾರೈಕೆ ಹೇಳಿಕೊಂಡರು, ಮುಖ ನೋಡದೆ, ಅಪರಿಚಿತರ ಹಾಗೆ. ಆಮೇಲೆ ತಿರುಪಿನ ಮಾತು ಬಂತು, ನದಿಯಲ್ಲಿ ನೀರು ಕಡಿಮೆಯಾದ ಮಾತು ಬಂತು. ಜ್ದೆನ್ಯಾ ಕೇಕು ಕೊಯ್ದು ಬಡಿಸಿ, ಕಾಫಿ ತರುತ್ತೇನೆ ಎಂದು ಹೋದವಳು ಬೇಗ ಬರಲಿಲ್ಲ.

ಮಗ, "ಮನೇಲಿ ಜನ ಇಲ್ವಾ?" ಎಂದ.

"ಇದಾರೆ. ಮನೆ ತುಂಬ ಇದಾರೆ."

"ಬಿಟ್ಟು ಬಂದ್ಯಾ?"

"ಬಿಟ್ಟು ಬಂದೆ."

ಮಗ ತಟ್ಟೆಯಲ್ಲಿದ್ದ ಸ್ಟ್ರಾಬೆರಿಯನ್ನು ಚಮಚದಿಂದ ಆ ಕಡೆ ಈ ಕಡೆ ಉರುಳಿಸಿದ. "ಅಕ್ಟೋಬರಲ್ಲಿ ಬರೋರಿಗೆ ನಾನು ಬೊಹುಮಿಲ್ ಅಪ್ಪಾ. ಅದೂ ಸುಳ್ಳೇನಲ್ಲ. ಆದ್ರೆ ಇವತ್ತು ಬರೋಕೆ ಇರೋನು ನೀನೊಬ್ನೇ. ಆ ಕುರ್ಚಿ ಮೂರು ವರ್ಷದಿಂದ ನಿಂಗೆ ಅಂತಾನೇ ಹಾಕ್ತಿದ್ದೆ. ಬರಲ್ವೇನೋ ಅಂತ ಇವತ್ತೂ ಅಂದ್ಕೊಂಡೆ."

ಮುದುಕ ಇನ್ನೊಂದು ತುಂಡು ಕೇಕು ಬಾಯಿಗಿಟ್ಟುಕೊಂಡ. ಏನಾದರೂ ಹೇಳಲೇಬೇಕಾದ ಹೊತ್ತು ಅದು. ಕೇಕಿಗೆ ಸಕ್ಕರೆ ಜಾಸ್ತಿಯಾಯಿತು, ನಿಮ್ಮಮ್ಮ ಇಷ್ಟು ಹಾಕುತ್ತಿರಲಿಲ್ಲ ಎಂದ. ಮಗ ಹೌದು ಎಂದು ತಲೆಯಾಡಿಸಿದ. ಕಾಫಿ ಬಂತು, ಕುಡಿದದ್ದಾಯಿತು. ಮನೆಯಲ್ಲಿ ಜನ ಕಾಯುತ್ತಿದ್ದಾರೆ ಎಂದು ವಾಲಿತ್ಸಾ ಎದ್ದ. ಮಗ ಕೆಳಗಿನವರೆಗೂ ಬಂದು ಬಿಟ್ಟುಹೋದ.

ಕಿಟಕಿಯ ಬಳಿ ತಾನೂ ಮೂರು ಜೂನ್ ಕಾದಿದ್ದೆ ಎಂದು ಅವನು ಮಗನಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.