ಚೌಕಳಿ ಸೀರೆಯ ಗುರುತು

ನಾನು ಒಂದು ಹರಿಗೋಲು. ದೊಡ್ಡ ಬಿದಿರುಬುಟ್ಟಿಯೊಂದನ್ನು ನೀರಿಗೆ ಬಿಟ್ಟರೆ ಹೇಗಿರುತ್ತದೋ ಹಾಗಿದ್ದೇನೆ. ನನಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕುವವರು ಯಾವ ಕಡೆ ಕೂರುತ್ತಾರೋ ಅದೇ ನನ್ನ ಮುಂದು, ಅವರು ತಿರುಗಿಸಿದ ಕಡೆಗೆ ನನ್ನ ಪಯಣ. ಆದ್ದರಿಂದ ದಾರಿಯ ವಿಷಯದಲ್ಲಿ ನನ್ನನ್ನು ಯಾರೂ ದೂರುವಂತಿಲ್ಲ. ಆದರೂ ನಾನು ಹೇಳಬೇಕಾಗಿರುವುದು ಒಂದು ದಾರಿಯ ಕಥೆಯನ್ನೇ.

ನನ್ನನ್ನು ಹೆಣೆದವನು ಮೇದರ ಹುಚ್ಚಯ್ಯ. ಬೆಟ್ಟದಿಂದ ತಂದ ಬಿದಿರನ್ನು ಸೀಳಿ, ನೀರಲ್ಲಿ ನೆನೆಹಾಕಿ, ನೆಲದ ಮೇಲೆ ನಕ್ಷತ್ರದ ಹಾಗೆ ಹರಡಿ, ಮೂರು ದಿನ ಕೂತು ನನ್ನ ತಳ ಕಟ್ಟಿದ. ಅವನ ಅಪ್ಪನ ಕಾಲದಲ್ಲಿ ಹರಿಗೋಲಿಗೆ ಎಮ್ಮೆ ಚರ್ಮ ಹೊದಿಸುತ್ತಿದ್ದರಂತೆ. ನನ್ನ ಪಾಲಿಗೆ ಬಂದದ್ದು ಪ್ಲಾಸ್ಟಿಕ್ ಹಾಳೆ ಮತ್ತು ಎರಡು ಡಬ್ಬ ಡಾಂಬರು. ನನ್ನನ್ನು ಕೊಂಡೊಯ್ಯಲು ಬಂದ ಬೆಸ್ತರ ಅಂಕಯ್ಯನಿಗೆ ಹುಚ್ಚಯ್ಯ ಒಂದೇ ಮಾತು ಹೇಳಿದ. “ನೀರು ಇದುನ್ನ ಏನೂ ಮಾಡಾಕಿಲ್ಲ ಅಂಕಯ್ಯ. ಮರದ ಮೊಂಟು ತಗುಲ್ದಂಗೆ ನೋಡ್ಕೊ, ಅಷ್ಟೆ.”

ಮನುಷ್ಯರ ಪರಿಚಯ ನನಗೆ ಆಗುವುದು ಅಂಗಾಲಿನಿಂದ. ಅಂಕಯ್ಯನ ಬಲಗಾಲಿಗೆ ಕಿರುಬೆರಳಿಲ್ಲ. ಅವನ ಹೆಂಡತಿ ದುಂಡಮ್ಮನ ಹಿಮ್ಮಡಿ ಎಷ್ಟು ಬಿರಿದಿತ್ತೆಂದರೆ, ನನ್ನ ಡಾಂಬರು ಅದರ ಮುಂದೆ ಬೆಣ್ಣೆ. ಅವರ ಮಗಳು ರಾಜಮಣಿ ಮದುವೆಯಾಗಿ ಅಣೆಕಟ್ಟೆಯ ಕಡೆಯ ಊರಿಗೆ ಹೋಗಿದ್ದಳು. ಬಂದಾಗೆಲ್ಲ ನನ್ನೊಳಗೆ ಚಪ್ಪಲಿ ಬಿಟ್ಟೇ ಕಾಲಿಡುತ್ತಿದ್ದಳು. ಆ ಮರ್ಯಾದೆಯನ್ನು ನಾನು ಮರೆತಿಲ್ಲ.

ನಾವಿದ್ದದ್ದು ದೊಡ್ಡ ಜಲಾಶಯವೊಂದರ ಹಿನ್ನೀರಿನ ದಡದಲ್ಲಿ. ಸುತ್ತ ಬೆಟ್ಟ. ಆ ಕಡೆ ಅಣೆಕಟ್ಟೆ, ತೋಟ, ಬಣ್ಣದ ದೀಪ, ಚುರುಮುರಿ ಗಾಡಿ, ಭಾನುವಾರ ಬಂತೆಂದರೆ ಜಾತ್ರೆಯಂಥ ಜನ. ಈ ಕಡೆ ಹುಂಡಿ ಎಂದು ಕರೆಯುವ, ಹನ್ನೊಂದು ಮನೆಯ ಬೆಸ್ತರ ಹಳ್ಳಿ ಬಿಟ್ಟರೆ ಕಾಡು. ನಡುವಿನ ನೀರಿನ ಕೆಳಗೆ ಕಲ್ಲುಹುಂಡಿ ಎಂಬ ಊರು ಮಲಗಿದೆ. ಅಣೆಕಟ್ಟು ಕಟ್ಟಿದಾಗ ಊರನ್ನು ಎಬ್ಬಿಸಿದರು, ಮರಗಳನ್ನು ಕಡಿಯುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಹಾಗಾಗಿ ಮರಗಳು ನಿಂತಲ್ಲೇ ಸತ್ತವು, ಸತ್ತಲ್ಲೇ ನಿಂತವು. ಕೆಲವು ತಲೆ ಎತ್ತಿಕೊಂಡು ಕಾಣುತ್ತವೆ. ತಲೆ ಮುರಿದು, ಕಾಣದೆ ಒಂದು ಗೇಣು ಕೆಳಗೆ ಕಾಯುತ್ತಿರುವ ಬೊಡ್ಡೆಗಳು, ಮೊಂಟುಗಳು, ಅವೇ ಹೆಚ್ಚು, ನೀರಲ್ಲಿ ನೆನೆದು ನೆನೆದು ಕಬ್ಬಿಣವಾಗಿವೆ.

ಅಲ್ಲಿ ಹರಿಗೋಲು ಹೋಗಲು ಇರುವುದು ಒಂದೇ ದಾರಿ. ಅದು ಕಲ್ಲುಹುಂಡಿಯ ಹಳೆಯ ಗಾಡಿರಸ್ತೆ. ರಸ್ತೆಯ ನಡುವೆ ಮರವಿರುವುದಿಲ್ಲವಲ್ಲ, ಅದಕ್ಕೇ. ಅಂಕಯ್ಯನ ಅಪ್ಪ ಯಾವ ರಸ್ತೆಯಲ್ಲಿ ಎತ್ತಿನಗಾಡಿ ಹೊಡೆದಿದ್ದನೋ ಅದರ ಮೇಲೆಯೇ, ನಲವತ್ತಡಿ ಎತ್ತರದಲ್ಲಿ, ಅಂಕಯ್ಯ ಹುಟ್ಟು ಹಾಕುತ್ತಿದ್ದ. ರಸ್ತೆ ಎಲ್ಲಿದೆ ಎಂದು ತಿಳಿಯಲು ಹುಂಡಿಯವರಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ನೀರು ಇಳಿದಾಗ, ಹೆಂಗಸರು ತಮ್ಮ ಹಳೆಯ ಸೀರೆಗಳನ್ನು ಹರಿದು, ಬಲಗಡೆಯ ಸಾಲುಮರಗಳ ತುದಿಕೊಂಬೆಗೆ ಮಾತ್ರ ಕಟ್ಟುತ್ತಿದ್ದರು. ಆ ಕಡೆಗೆ ಹೋಗುವಾಗ ಬಟ್ಟೆ ಬಲಗೈಗೆ ಬರಬೇಕು, ವಾಪಸು ಬರುವಾಗ ಎಡಗೈಗೆ. ಬೇರೆ ಯಾವ ಮರಕ್ಕೂ ಒಂದು ಎಳೆ ದಾರವನ್ನೂ ಕಟ್ಟುವಂತಿರಲಿಲ್ಲ. ದುಂಡಮ್ಮ ಒಂದೊಂದು ಬಟ್ಟೆಯನ್ನೂ ಗುರುತು ಹಿಡಿಯುತ್ತಿದ್ದಳು. ಇದು ಮದುವೆಯ ವರ್ಷದ್ದು, ಇದು ರಾಜಮಣಿ ಹುಟ್ಟಿದಾಗ ಅವ್ವ ತಂದದ್ದು ಎಂದು ಗೊಣಗಿಕೊಂಡೇ ನನ್ನನ್ನು ದಾಟಿಸುತ್ತಿದ್ದಳು. ಅವಳ ಬದುಕಿನ ಸೀರೆಗಳೆಲ್ಲ ಆ ರಸ್ತೆಯುದ್ದಕ್ಕೂ ತೂಗುತ್ತಿದ್ದವು.

ಆಮೇಲೆ ಜನ ಬರತೊಡಗಿದರು. ಆ ಕಡೆಯ ಗದ್ದಲ ಸಾಕಾಗಿ, ಈ ಕಡೆಯ ದಡ ಎಷ್ಟು ನಿಶ್ಶಬ್ದ ಎಂದು ಬಾಯಿತುಂಬ ಹೊಗಳಿ, ಹೊಗಳಿದ ಗದ್ದಲದಲ್ಲೇ ಆ ನಿಶ್ಶಬ್ದವನ್ನು ಮುಗಿಸುವ ಜನ. ಮೆತ್ತನೆ ಪಾದಗಳು, ನನ್ನೊಳಗೆ ಇಡುತ್ತಲೇ ನಡುಗುವ ಪಾದಗಳು. ಅಂಕಯ್ಯ ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಿದ್ದ. ಕೊಂಬೆಯ ಮೇಲಿನ ಬಟ್ಟೆ ಯಾಕೆ ಎಂದು ಮೊದಲು ಕೇಳಿದವರಿಗೆ ಅವನು ನಿಜವನ್ನೇ ಹೇಳಿದ. ಕೆಳಗೆ ಮೊಂಟುಗಳಿವೆ, ತಗುಲಿದರೆ ತೆಪ್ಪ ಹರಿದುಹೋಗುತ್ತದೆ, ಅದಕ್ಕೇ ಗುರುತು ಎಂದ. ಅವರ ಮುಖ ಬಿಳಿಚಿಕೊಂಡಿತು. ಎಂಟು ಕೈಗಳು ನನ್ನ ಅಂಚು ಹಿಡಿದುಕೊಂಡವು. ವಾಪಸು ಹೋಗೋಣ ಎಂದರು.

ಮುಂದಿನ ಸಲ ಕೇಳಿದವರಿಗೆ ಅಂಕಯ್ಯ, ಅದು ಹರಕೆಯ ಬಟ್ಟೆ ಎಂದುಬಿಟ್ಟ. ಕೆಳಗೆ ಕಲ್ಲುಹುಂಡಿ ಮಾರಮ್ಮನ ಗುಡಿ ಮುಳುಗಿದೆ, ಬಟ್ಟೆ ಕಟ್ಟಿ ಬೇಡಿಕೊಂಡರೆ ಅಮ್ಮ ನಡೆಸಿಕೊಡುತ್ತಾಳೆ ಎಂದ. ಗುಡಿ ಮುಳುಗಿದ್ದು ನಿಜ, ಉಳಿದದ್ದೆಲ್ಲ ಅವನ ಸೇರ್ಪಡೆ. ಕೇಳಿದವರು ಅಂಚು ಬಿಟ್ಟು ಕೈಮುಗಿದರು. ಅಂಕಯ್ಯನಿಗೆ ಖುಷಿಯಾಯಿತು. ಐವತ್ತು ವರ್ಷ ಅವನ ಮಾತನ್ನು ಯಾರೂ ಹಾಗೆ ಕಣ್ಣರಳಿಸಿ ಕೇಳಿರಲಿಲ್ಲ. ದಿನ ಹೋದಂತೆ ಕಥೆಗೆ ರೆಕ್ಕೆಪುಕ್ಕ ಬಂದವು. ಹರಕೆ ಫಲಿಸುವವರೆಗೂ ಕಟ್ಟಿದ್ದನ್ನು ಯಾರಿಗೂ ಹೇಳಬಾರದು, ಫಲಿಸಿದ ಮೇಲೆ ಬಿಚ್ಚಬಾರದು ಎಂದು ಎರಡು ನಿಯಮಗಳನ್ನೂ ಅವನೇ ಮಾಡಿದ.

ದುಂಡಮ್ಮನಿಗೆ ಗೊತ್ತಾದಾಗ ಅವಳು ಬಲೆಯಿಂದ ತಲೆಯೆತ್ತದೆ ಹೇಳಿದಳು. “ದ್ಯಾವ್ರ ಹೆಸ್ರಲ್ಲಿ ಸುಳ್ಳಾಡ್ಬ್ಯಾಡ ಕಣಯ್ಯ. ಅದು ದಾರಿ. ದಾರಿ ಮ್ಯಾಲೆ ತಮಾಸೆ ಮಾಡ್ಬಾರ್ದು.”

ಅವನು ನಕ್ಕ. ಅಷ್ಟರಲ್ಲಿ ಪಟ್ಟಣದಿಂದ ಬಂದಿದ್ದ ಹೆಂಗಸೊಬ್ಬಳು, ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿಲ್ಲದವಳು, ತಾನೂ ಕಟ್ಟಬೇಕು ಎಂದು ಹಟ ಹಿಡಿದಳು. ಅಂಕಯ್ಯ ಕಥೆಯಲ್ಲಿ ಹೇಳುತ್ತಿದ್ದ, ಗುಡಿಯ ಮುಂದಿನ ನೇರಳೆ ಮರ ಯಾವುದು ಎಂದು ಕೇಳಿದಳು. ಅದು ರಸ್ತೆ ತಿರುಗುವಲ್ಲಿ, ರಸ್ತೆಯಿಂದಾಚೆ, ಮೊಂಟುಗಳ ನಡುವೆ ಇತ್ತು. ನೀರು ತುಂಬಿ ಮೊಂಟುಗಳು ಆಳಕ್ಕಿದ್ದ ಕಾಲವಾದ್ದರಿಂದ ಅಂಕಯ್ಯ ನನ್ನನ್ನು ಅಲ್ಲಿಗೆ ಒಯ್ದ. ಅವಳು ಹೊಸ ಜರಿಯಂಚಿನ ಬಟ್ಟೆ ಕಟ್ಟಿದಳು. ಒಂದೇ ತಾನೆ, ಆಮೇಲೆ ಬಿಚ್ಚಿದರಾಯಿತು ಎಂದುಕೊಂಡ. ಆದರೆ ಒಂದು ಹತ್ತಾಯಿತು. ಆಚೆ ದಡದ ಮೋಟಾರು ದೋಣಿಗಳೂ ಹರಕೆಯವರನ್ನು ಕರೆತಂದವು. ಯಾವ ಮರ ಸಿಕ್ಕಿದರೆ ಅದಕ್ಕೆ ಬಟ್ಟೆ. ಅಂಕಯ್ಯ ಸಂಜೆ ಹೋಗಿ ತಪ್ಪು ಮರಗಳ ಬಟ್ಟೆಗಳನ್ನು ಕುಡುಗೋಲಿನಿಂದ ಕಿತ್ತು ಬರುತ್ತಿದ್ದ. ಅಷ್ಟರಮಟ್ಟಿಗೆ ಅವನಿಗೆ ಎಚ್ಚರವಿತ್ತು.

ಎರಡು ವರ್ಷದ ಮೇಲೆ ಆ ಹೆಂಗಸು ಮತ್ತೆ ಬಂದಳು. ಮಡಿಲಲ್ಲಿ ಮಗು. ಅಂಕಯ್ಯನ ಕಾಲು ಮುಟ್ಟಲು ಬಗ್ಗಿದಳು, ಅವಳ ಕಣ್ಣೀರು ನನ್ನ ಡಾಂಬರಿನ ಮೇಲೆ ಬಿತ್ತು. ಆ ದಿನದಿಂದ ಅಂಕಯ್ಯ ಕುಡುಗೋಲು ಮುಟ್ಟಲಿಲ್ಲ. ಯಾರ ಹರಕೆಯೋ ಏನೋ, ಕಿತ್ತರೆ ಪಾಪ ಸುತ್ತಿಕೊಳ್ಳುತ್ತದೆ ಎಂದ. ತಾನೇ ಹೇಳಿದ ಸುಳ್ಳನ್ನು ಒಬ್ಬ ಮನುಷ್ಯ ನಂಬುವುದನ್ನು ನಾನು ಅಂದು ನೋಡಿದೆ. ನನಗೆ ಸಿಟ್ಟು ಬಂತು, ಆದರೆ ಬುಟ್ಟಿಯ ಸಿಟ್ಟು ಯಾರಿಗೆ ಬೇಕು?

ಹುಂಡಿಯ ಗಂಡಸರು ಜಗಳಕ್ಕೆ ಬಂದರು. ದುಂಡಮ್ಮ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. “ಯಾರ ಬಟ್ಟೆ ಎಲ್ಲಾರ ನೇತಾಡ್ಲಿ,” ಅಂದಳು. “ನನ್ ಸೀರೆ ನಂಗೊತ್ತು. ಅದುನ್ನ ನೋಡ್ಕಂಡು ಓಯ್ತೀನಿ.”

ಆ ಹೊತ್ತಿಗೆ ರಾಜಮಣಿ ಮತ್ತೆ ಬಸುರಿಯಾಗಿದ್ದಳು. ಹಿಂದೆ ಎರಡು ಸಲ ಹುಟ್ಟಿದ ಮಗು ಉಳಿದಿರಲಿಲ್ಲ. ಈ ಸಲವೂ ಉಳಿಯದಿದ್ದರೆ ಮಗಳೇ ಉಳಿಯಲಾರಳು ಎಂದು ದುಂಡಮ್ಮ ಬಲೆ ಹೆಣೆಯುತ್ತಾ ಅಳುತ್ತಿದ್ದಳು. ಒಂದು ಮಧ್ಯಾಹ್ನ ಅಂಕಯ್ಯ ಒಬ್ಬನೇ ನನ್ನನ್ನು ನೀರಿಗೆ ತಳ್ಳಿ ನೇರಳೆ ಮರದ ಹತ್ತಿರ ಹೋದ. ಸೊಂಟದಿಂದ ಒಂದು ಬಟ್ಟೆ ತೆಗೆದ. ಅದು ದುಂಡಮ್ಮನ ಕೆಂಪು ಚೌಕಳಿ ಸೀರೆಯ ಅಂಚು. ಪೆಟ್ಟಿಗೆಯ ತಳದಲ್ಲಿದ್ದದ್ದನ್ನು ಅವಳಿಗೆ ತಿಳಿಯದಂತೆ ಹರಿದು ತಂದಿದ್ದ. ರಸ್ತೆಯ ಕಡೆ ಚಾಚಿದ್ದ ಕೊಂಬೆಗೆ ಎರಡು ಗಂಟು ಹಾಕಿ ಕಟ್ಟಿ, ಮೊಮ್ಮಗು ಉಳಿಸಿಕೊಡು ತಾಯಿ ಎಂದು ಬೇಡಿಕೊಂಡ. ಯಾರಿಗೂ ಹೇಳಲಿಲ್ಲ. ಹೇಳಬಾರದಲ್ಲ, ಅವನದೇ ನಿಯಮ.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ರಾಜಮಣಿಗೆ ನೋವು ಶುರುವಾಯಿತೆಂದು ಅಳಿಯ ಫೋನು ಮಾಡಿದ. ದುಂಡಮ್ಮ ಆಮೇಲೆ ಬರಲೆಂದು ನನ್ನನ್ನು ದಡದಲ್ಲೇ ಬಿಟ್ಟು, ಅಂಕಯ್ಯ ಪಕ್ಕದ ಮನೆಯವನ ತೆಪ್ಪದಲ್ಲಿ ಆಗಲೇ ಹೊರಟ. ಮಾರನೆಯ ಸಂಜೆ ಸುದ್ದಿ ಬಂತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ದುಂಡಮ್ಮ ದಡಕ್ಕೆ ಓಡಿಬಂದು ನನ್ನ ಅಂಚಿನ ಮೇಲೆ ಕೂತು ಒಬ್ಬಳೇ ನಕ್ಕಳು. ಬೆಳಗಾಗುವುದನ್ನೇ ಕಾದಳು.

ಬೆಳಗೆಂದರೆ ಬರೀ ಮಂಜು. ಬೆಟ್ಟವಿಲ್ಲ, ನೀರಿಲ್ಲ, ಕೈಚಾಚಿದರೆ ಕೈಯೇ ಇಲ್ಲ. ಮಂಜು ಬಿಡಲಿ, ಆಮೇಲೆ ಹೋಗು ಎಂದು ಪಕ್ಕದ ಮನೆಯವರು ಹೇಳಿದರು. ಅವಳು ಕೇಳಲಿಲ್ಲ. ಹುಟ್ಟಿದ ಮಗುವಿಗೆ ಮೊದಲು ಹೊದಿಸುವುದು ಅಜ್ಜಿಯ ಹಳೆಯ ಮೆತ್ತನೆ ಸೀರೆಯನ್ನೇ ಎಂಬುದು ಅವರಲ್ಲಿ ಪದ್ಧತಿ. ಅದಕ್ಕೆಂದೇ ಎತ್ತಿಟ್ಟಿದ್ದ ಚೌಕಳಿ ಸೀರೆಯನ್ನು ಕತ್ತಲಲ್ಲೇ ಪೆಟ್ಟಿಗೆಯಿಂದ ತೆಗೆದು ಗಂಟು ಕಟ್ಟಿದ್ದಳು. ಅದರ ಒಂದು ಅಂಚು ಇಲ್ಲವೆಂಬುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ನಾವು ಹೊರಟೆವು. ಮೊದಲ ಬಟ್ಟೆ ಬಲಕ್ಕೆ ಸಿಕ್ಕಿತು. ಎರಡನೆಯದು ಸಿಕ್ಕಿತು. ನಡುವೆ ಯಾರು ಯಾರದೋ ಹೊಳೆಯುವ ಬಟ್ಟೆಗಳು ಮಂಜಿನಿಂದ ಬಂದು ಮಂಜಿಗೆ ಹೋದವು. ಅವಳು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ರಸ್ತೆ ತಿರುಗುವ ಜಾಗ ಬಂತು. ಅವಳು ಹುಟ್ಟು ನಿಲ್ಲಿಸಿ ಹುಡುಕಿದಳು. ಆಗ ಮಂಜು ಒಂದಿಷ್ಟು ಸರಿದಲ್ಲಿ ಕೆಂಪು ಚೌಕಳಿ ಕಂಡಿತು. ಗಂಟಿನಲ್ಲಿರುವ ಸೀರೆಯ ತುಂಡನ್ನು ಇಲ್ಲಿ ಯಾವ ವರ್ಷ ಕಟ್ಟಿದೆ ಎಂದು ಒಂದು ಗಳಿಗೆ ಯೋಚಿಸಿರಬೇಕು, ಅವಳ ಹಿಮ್ಮಡಿ ನನ್ನ ತಳದ ಮೇಲೆ ಅನುಮಾನದಿಂದ ಅಲುಗಾಡಿತು. ಆದರೆ ಸೀರೆ ಅವಳದೇ. ಅವಳು ನನ್ನನ್ನು ಅದರ ಕಡೆಗೆ ತಿರುಗಿಸಿದಳು.

ನನಗೆ ಆ ಮರ ಗೊತ್ತಿತ್ತು. ಕೂಗಲು ಬಾಯಿರಲಿಲ್ಲ. ತುಂಬಿದ ನೀರಲ್ಲಿ ಆಳಕ್ಕಿದ್ದ ಮೊಂಟುಗಳು ಈಗ ನೀರಿಳಿದು ಒಂದು ಗೇಣು ಕೆಳಗಿದ್ದವು. ಮೊದಲನೆಯದು ಸವರಿ ಹೋಯಿತು. ಎರಡನೆಯದು ನನ್ನ ಹೊಟ್ಟೆಗೆ ನುಗ್ಗಿ ಹುಚ್ಚಯ್ಯನ ನಕ್ಷತ್ರವನ್ನು ಮೊಳದುದ್ದ ಸೀಳಿತು. ದುಂಡಮ್ಮ ಗಂಟು ಬಿಚ್ಚಿ, ಮಗುವಿನ ಸೀರೆಯನ್ನು ಉಂಡೆ ಮಾಡಿ ನನ್ನ ತೂತಿಗೆ ತುರುಕಿದಳು. ಮಂಡಿಯೂರಿ ಅದುಮಿ ಹಿಡಿದಳು. ನೀರು ಅದರ ಸುತ್ತಲಿಂದಲೂ ಬಂತು. ಅವಳಿಗೆ ಈಜು ಬರುತ್ತಿತ್ತು. ಆದರೆ ಉಟ್ಟ ಸೀರೆ ಕೆಳಗಿನ ಕೊಂಬೆಗಳಿಗೆ ಸಿಕ್ಕಿಕೊಂಡಿತು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಮಧ್ಯಾಹ್ನ ಮಂಜು ಬಿಟ್ಟ ಮೇಲೆ ಅಂಕಯ್ಯ ಬಂದ, ಹೆಂಡತಿಯನ್ನು ಮೊಮ್ಮಗಳ ಹತ್ತಿರ ಕರೆದೊಯ್ಯಲು. ಮೊದಲು ನನ್ನನ್ನು ಕಂಡ. ಆಮೇಲೆ ತಲೆಯೆತ್ತಿ ಕೊಂಬೆಯನ್ನು ನೋಡಿದ. ಹುಂಡಿಯ ಜನ, ಮಂಜಿನಲ್ಲಿ ದಾರಿ ತಪ್ಪಿದಳು ಎಂದರು. ದುಂಡಮ್ಮನಂಥವಳು ದಾರಿ ತಪ್ಪಿದಳಲ್ಲ ಎಂದು ಆಶ್ಚರ್ಯಪಟ್ಟರು.

ಹದಿನೈದು ದಿನದ ಮೇಲೆ ಅವನು ಕುಡುಗೋಲು ಹಿಡಿದು ಬಂದ. ತಪ್ಪು ಮರಗಳ ಬಟ್ಟೆಗಳನ್ನೆಲ್ಲ ಕಿತ್ತ, ಒಂದನ್ನೂ ಬಿಡಲಿಲ್ಲ. ಕೊನೆಗೆ ಚೌಕಳಿಯ ಗಂಟಿಗೆ ಕೈಹಾಕಿದ. ಕೂಸಿಗೆ ಹಿಂದಿನ ದಿನದಿಂದ ಜ್ವರವಿತ್ತು. ಕೈ ಅಲ್ಲೇ ನಿಂತಿತು. ಅವನು ಕೊಂಬೆಯಿಂದ ತೆಪ್ಪಕ್ಕೆ ಇಳಿದು, ಮೊಂಟಿಗೆ ಸಿಕ್ಕಿಕೊಂಡಿದ್ದ ನನ್ನ ಅಂಚು ಹಿಡಿದು ಸತ್ತ ಹೆಂಡತಿಯೊಡನೆ ಮಾತಾಡಿದ. “ಬಿಚ್ಚುದ್ರೆ ಮಗೀಗೆ ಏನಾಯ್ತದೋ. ಬುಟ್ರೆ ಇನ್ಯಾರ್ಗೆ ಏನಾಯ್ತದೋ. ಸುಳ್ಳು ಅಂತ ಗೊತ್ತು ಕಣಮ್ಮಿ. ಆದ್ರೂ ಬಿಚ್ಚಕಾಯ್ತಿಲ್ಲ.”

ಬಿಚ್ಚಲಿಲ್ಲ. ಬದಲಿಗೆ ನನ್ನನ್ನು ಮೇಲೆತ್ತಿ, ತೂತು ಕಾಣುವ ಹಾಗೆ ಅದೇ ನೇರಳೆ ಮರಕ್ಕೆ ತಂತಿಯಿಂದ ಬಿಗಿದ. ಕಪ್ಪಗೆ ದೊಡ್ಡದಾಗಿದ್ದೇನಲ್ಲ, ನನ್ನನ್ನು ನೋಡಿದವರು ಹತ್ತಿರ ಬರಲಾರರು ಎಂಬುದು ಅವನ ಲೆಕ್ಕ. ಹೀಗೆ ನಾನು ಮರ ಹತ್ತಿದೆ. ಮಂಜು ಬಿದ್ದ ಬೆಳಗ್ಗೆ ಅಂಕಯ್ಯ ಹೊಸ ಫೈಬರ್ ದೋಣಿಯಲ್ಲಿ ಬಂದು ಇಲ್ಲಿ ನಿಂತು ತಟ್ಟೆ ಬಡಿಯುತ್ತಾನೆ, ಈ ಕಡೆ ಯಾರೂ ಬಾರದಿರಲಿ ಎಂದು. ಪ್ರವಾಸಿಗಳು ಅದನ್ನು ಮಾರಮ್ಮನ ಪೂಜೆ ಎಂದುಕೊಂಡು ದೂರದಿಂದಲೇ ಕೈಮುಗಿಯುತ್ತಾರೆ. ಅವನು ನಿಜ ಹೇಳಿ ಓಡಿಸಿದರೂ ನಂಬುವುದಿಲ್ಲ. ಅವನಿಲ್ಲದ ಒಂದು ದಿನ ಯಾರೋ ಬಂದು ನನ್ನ ಅಂಚಿಗೂ ಹೊಸ ಬಟ್ಟೆ ಕಟ್ಟಿ ಹೋದರು.

ಹೀಗೆ ಐದು ವರ್ಷವಾಯಿತು. ಬಿಸಿಲಿಗೆ ನನ್ನ ಡಾಂಬರು ಸುಲಿದಿದೆ, ಸೀಳುಗಳು ಒಂದೊಂದಾಗಿ ಉದುರುತ್ತಿವೆ. ಮೊನ್ನೆ ಅಂಕಯ್ಯ ಮೊಮ್ಮಗಳು ಗಾನವಿಯನ್ನು ಕರೆದುಕೊಂಡು ಬಂದಿದ್ದ. ಅವಳ ಅಂಗಾಲಿನ ಪರಿಚಯ ನನಗೆ ಇನ್ನು ಆಗುವುದಿಲ್ಲ. ಅವಳು ಬಣ್ಣ ಬಿಟ್ಟ ಚೌಕಳಿಯನ್ನು ತೋರಿಸಿ ಅದು ಯಾರದು ಎಂದು ಕೇಳಿದಳು.

“ನಿಮ್ಮಜ್ಜೀದು ಕಣವ್ವ.”

“ಯಾಕ್ ತಾತ ಕಟ್ಟವ್ರೆ?”

ಅಪರಿಚಿತರಿಗೆ ಥಟ್ಟನೆ ಉತ್ತರ ಕೊಡುತ್ತಿದ್ದ ಅಂಕಯ್ಯ ಹುಟ್ಟನ್ನು ದೋಣಿಯೊಳಗೆ ಎಳೆದಿಟ್ಟ. ಆಮೇಲೆ ನೀರು ನೋಡಿಕೊಂಡು ಹೇಳಿದ. “ದಾರಿ ಗೊತ್ತಾಗ್ಲಿ ಅಂತ.”

ಮಗು ದೋಣಿಯಲ್ಲಿ ಎದ್ದು ನಿಂತು ನನ್ನ ತೂತಿನೊಳಗೆ ಕೈಹಾಕಿತು. ಅಲ್ಲಿ ಬಿದಿರಿನ ಸಂದಿಯಲ್ಲಿ ಚೌಕಳಿಯ ಒಂದು ಚೂರು ಇನ್ನೂ ಸಿಕ್ಕಿಕೊಂಡಿದೆ. ಎಳೆದು ನೋಡಿತು, ಬರಲಿಲ್ಲ. ಇದೂ ಅಜ್ಜಿಯದಾ ಎಂದು ಕೇಳಿತು. ಅಂಕಯ್ಯ ದೋಣಿ ತಿರುಗಿಸಿದ. ಅದು ನಿನ್ನದು ಮಗು, ನಿನಗೆ ಹೊದಿಸಲೆಂದು ತಂದದ್ದು ಎಂದು ಹೇಳಲು ನನಗೆ ಬಾಯಿಲ್ಲ.