ಗುತ್ತಿನ ಮನೆಯ ಬೆಲೆ

ಹಂಝನ ಬೆರಳು ಕೀಬೋರ್ಡಿನ ಮೇಲೆ ಟಕಟಕ ಓಡುತ್ತಿತ್ತು, ದುಬೈ ಕರಾಮದ ಈ ಟೈಪಿಂಗ್ ಸೆಂಟರಿನಲ್ಲಿ ಏಸಿ ಇದ್ದರೂ ವಾರಿಜಾಕ್ಷಿಯ ಕುತ್ತಿಗೆ ಬೆವರುತ್ತಿತ್ತು, ಎಷ್ಟು ಸಲೀಸಾಗಿ ಹೊಡೀತಾನಪ್ಪ, ಒಬ್ಬಳ ತವರನ್ನು ಅಳಿಸಲಿಕ್ಕೆ ಇಷ್ಟೇ ಹೊತ್ತು ಸಾಕೇ — ತವರು ಎನ್ನಬಾರದು, ಬಂಟರ ಹೆಣ್ಣಿಗೆ ಅದು ತವರಲ್ಲ, ಮನೆ, ಅಮ್ಮನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುವ ಗುತ್ತಿನ ಮನೆ, ಒಬ್ಬರದಲ್ಲ, ಕುಟುಂಬದ ಎಲ್ಲರದು, ಎಲ್ಲರದು ಎಂದರೆ ನನ್ನದು ಅಂದುಕೊಂಡದ್ದಕ್ಕೆ ಈಗ ಅನುಭವಿಸು. ಅವತ್ತು ನಿಖಿತಾ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೇಳಿದ್ದಳು, ಅಮ್ಮಾ, ಡು ವಿ ಓನ್ ಎನಿ ಪ್ರಾಪರ್ಟಿ, ಬ್ಯಾಡ್ಮಿಂಟನ್ ಆಡುವವಳೆಂದು ಯುನಿವರ್ಸಿಟಿಯವರು ಅರ್ಧ ಫೀಸು ಬಿಟ್ಟಿದ್ದರು, ಉಳಿದರ್ಧಕ್ಕೆ ನಾವು ಇಲ್ಲದವರು ಎಂದು ಅರ್ಜಿ ಹಾಕಬೇಕಿತ್ತು, ಫ್ಲ್ಯಾಟಿಗೆ ಹಲಗೆ ಅಡ್ಡ ಹೊಡೆದು ಇನ್ನೊಂದು ಸಂಸಾರದ ಜೊತೆ ಅಡುಗೆಮನೆ ಹಂಚಿಕೊಂಡವಳಿಗೆ ಇಲ್ಲದವರು ಎನ್ನಲು ನಾಲಿಗೆ ಏಳಲಿಲ್ಲ, ಹಲಗೆಯಾಚೆ ಫಿಡೆಲಿಸನ ಹೆಂಡತಿಯ ಕಿವಿ ಇತ್ತಲ್ಲ, ಇಲ್ಲದೆ ಎಂತ, ಹದಿನೆಂಟು ಕೋಣೆಯ ಮನೆ ಉಂಟು ನಮ್ಮದು, ಬರಿ! ಬೆಲೆ ಎಷ್ಟು ಎಂದು ಕೇಳಿತು ಅರ್ಜಿ, ಊರಿಗೆ ಫೋನಾಯಿತು, ಅಣ್ಣ ಪುರಂದರ ಕಡಿಮೆಯವನೇ, ಎರಡು ಕೋಟಿಗೆ ಒಂದು ರೂಪಾಯಿ ಕಮ್ಮಿ ಇಲ್ಲ ಮಾರಾಯ್ತಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಎರಡು ಕೋಟಿ ಇರುವವರಿಗೆ ನೆರವು ಇಲ್ಲ ಎಂದು ಉತ್ತರ ಬಂದ ಸಂಜೆ ಹುಡುಗಿ ಅಳಲಿಲ್ಲ, ಸುಮ್ಮನೆ ಅಂಗೈಯ ಜಡ್ಡು ಕೀಳುತ್ತಾ ಕೂತಿದ್ದಳು, ಗಂಡ ಜಯಪಾಲ ಚಪ್ಪಲಿ ಬಿಡುತ್ತಾ, ನಿನ್ನ ಮನೆ, ನಿನ್ನ ಅಣ್ಣ, ಗಂಡನ ಮಾತು ಅಲ್ಲಿ ನಡೀತದಾ, ನೀನೇ ಸರಿಮಾಡು ಎಂದ.

ಸರಿಮಾಡಲು ಹೋದಳು, ಯುನಿವರ್ಸಿಟಿ ಆಫೀಸಿನ ಹೆಂಗಸು ನಯವಾಗಿ, ಆ ಮನೆಯಲ್ಲಿ ನಿಮಗೆ ಪಾಲಿಲ್ಲ ಎಂದು ಮನೆಯ ಯಜಮಾನರಿಂದ ಬರೆಸಿ ತನ್ನಿ, ಮತ್ತೆ ನೋಡುತ್ತೇವೆ ಎಂದಳು, ಪುರಂದರಣ್ಣ ನಕ್ಕ, ಫೋನಿನಲ್ಲೂ ಆ ನಗು ಕಾಣುತ್ತದೆ, ಅದಕ್ಕೆಂತ, ಇವತ್ತೇ ಬರೆದು ಕೊಡ್ತೇನೆ, ಆದರೆ ವಾರಿಜಾ, ಸುಳ್ಳು ಬರೆಯುವುದು ಹೇಗೆ ಹೇಳು, ನೀನು ನಿಜವಾಗಿ ಹಕ್ಕು ಬಿಟ್ಟುಕೊಡು, ಆಮೇಲೆ ನಾನು ಬರೆದದ್ದು ಸತ್ಯವೇ ಆಗ್ತದಲ್ಲ — ಸತ್ಯವಂತ! ಎರಡು ಕೋಟಿ ಎಂದು ಒದರಿದ ಬಾಯಿ ಅದೇ. ಹೋಗಲಿ, ಯಾರಿಗೆ ಬೇಕು, ಬೇಸಿಗೆಯಲ್ಲಿ ಹೋದಾಗ ಮಲಗಲು ಚಾವಡಿಯಲ್ಲಿ ಒಂದು ಚಾಪೆ, ಅಷ್ಟೇ ತನ್ನ ಕೋಟಿ, ಆದರೂ ತಂಬಿಲದ ಪೂಜೆಯ ದಿನ ದೈವದ ಮುಂದೆ ಮನೆಯ ಹೆಣ್ಣುಮಕ್ಕಳೆಂದು ಸಾಲಾಗಿ ನಿಲ್ಲಿಸುತ್ತಾರೆ, ಕಳೆದ ಸಲ ನಿಖಿತಾ ಗಂಧಕ್ಕೆ ಕೈಯೊಡ್ಡಿದಾಗ ಜಡ್ಡುಗಟ್ಟಿದ ಆ ಅಂಗೈ ಕಂಡು ದೊಡ್ಡಮ್ಮ ಮೊಮ್ಮಗಳ ಕೈಹಿಡಿದು, ಎಂತ ಪುಳ್ಳಿ ಇದು, ಕಲ್ಲು ಹೊರುತ್ತೀಯಾ ದುಬೈಯಲ್ಲಿ ಎಂದದ್ದು, ಎಲ್ಲರೂ ನಕ್ಕದ್ದು, ಇವಳ ಎದೆ ಉಬ್ಬಿದ್ದು. ಇನ್ನು ಆ ಸಾಲಿನಲ್ಲಿ ನಿಲ್ಲುವಂತಿಲ್ಲ, ನೆಂಟರ ಹಾಗೆ ಹಿಂದೆ, ಕಂಬದ ಪಕ್ಕ. ಅಕ್ಕ, ಹಕ್ಕುಬಿಡುಗಡೆ ಪತ್ರ ಹೊಡೆಯುತ್ತಿದ್ದ ಹಂಝ ತಲೆಯೆತ್ತಿದ, ಮಗಳಿಗೆ ಹದಿನೆಂಟು ಆಯ್ತಲ್ಲ, ಅವಳ ಹಕ್ಕೂ ಇದರಲ್ಲಿ ಹೋಗ್ತದೆ, ಅವಳದ್ದೂ ಸೈನ್ ಬೇಕು, ಕಾಗದದಲ್ಲಿದ್ದ ಅವಳ ನಂಬರಿಗೆ ಮೆಸೇಜ್ ಹಾಕಿದ್ದೇನೆ, ಬರ್ತಾಳಂತೆ. ಇದು ಅಣ್ಣ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ, ಕಲಿಸಲಿಕ್ಕೆಂದು ಮಗಳದ್ದನ್ನೇ ಮಾರುವುದೇ, ಬೇಡ, ಹರಿದು ಹಾಕು ಹಂಝ ಎಂದು ಬಾಯಿಗೆ ಬಂತು, ಬಾಗಿಲು ತೆರೆಯಿತು, ರ‍್ಯಾಕೆಟ್ ಚೀಲ ಹೆಗಲಿಗೇರಿಸಿ ನಿಖಿತಾ ಒಳಗೆ ಬಂದಳು, ವೇರ್ ಡು ಐ ಸೈನ್? ಮೊದಲು ಓದು ಮಗಾ. ಓದಿ ಎಂತ, ಇಟ್ಸ್ ಜಸ್ಟ್ ಎ ಹೌಸ್ ಅಮ್ಮಾ, ಪ್ರಾಕ್ಟೀಸಿಗೆ ಲೇಟ್ ಆಗ್ತದೆ, ಪೆನ್ ಕೊಡು — ಎಂದು ಕೈ ಚಾಚಿದಳು, ನಗುತ್ತಿದ್ದಳು, ಗಂಧಕ್ಕೆ ಒಡ್ಡಿದ ಹಾಗೆಯೇ, ಬೆರಳ ಬುಡದಲ್ಲಿ ಜಡ್ಡು, ಅಂಗೈ, ಆ ಅಂಗೈಗೆ ಈಗ ಪೆನ್ನು ಇಡಬೇಕಾದವಳು ತಾನೇ.