ಹನ್ನೊಂದು ದಿನದ ಖೈದಿ

ಆ ಊರಿನಲ್ಲಿ ನೋಡುವಂಥದ್ದು ಮೂರೇ ಮೂರು: ಅರ್ಧ ಕುಸಿದ ಕಾವಲು ಗೋಪುರ, ಹೊಳೆಗೆ ಕಟ್ಟಿದ ಕಲ್ಲಿನ ಸೇತುವೆ, ಸಂತೆಬೀದಿಯ ಹಳೇ ಜೈಲು. ಮೊದಲೆರಡಕ್ಕೆ ದುಡ್ಡೇ ಇಲ್ಲ. ಜೈಲಿನ ಚೀಟಿಗೆ ಒಂದು ಲೋಟ ಚಹಾದಷ್ಟೂ ಬೆಲೆಯಿಲ್ಲ. ಬೆಳಿಗ್ಗೆ ಬಸ್ಸಿಳಿದವರು ಮಧ್ಯಾಹ್ನದೊಳಗೆ ಮೂರನ್ನೂ ಮುಗಿಸಿ, ಜೈಲಿನ ಮಾತೇ ಆಡುತ್ತಾ ಹಿಂದಿರುಗುತ್ತಿದ್ದರು. ಅದಕ್ಕೆ ಕಾರಣ ಜೈಲಲ್ಲ, ಜೈಲತ್ತೆ.

ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬೀಗ ತೆಗೆಯುವವಳು, ಕಸ ಗುಡಿಸುವವಳು, ಚೀಟಿ ಹರಿಯುವವಳು ಎಲ್ಲ ಅವಳೇ; ಅದಕ್ಕೇ ಊರಿಗೆಲ್ಲ ಅವಳು ಜೈಲತ್ತೆ. ಇದ್ದದ್ದು ಒಂದೇ ಕೋಣೆ. ಬಂದವರನ್ನು ಅದರೊಳಗಿನ ಕಲ್ಲಿನ ಜಗುಲಿಯ ಮೇಲೆ ಕೂರಿಸಿ, ಒಂದು ಕಾಲಕ್ಕೆ ಅಲ್ಲೇ ಮಲಗಿದ್ದ ಖೈದಿಯ ಕಥೆ ಹೇಳುತ್ತಿದ್ದಳು. ಆ ಖೈದಿ ಅವಳ ಸ್ವಂತ ಅಜ್ಜಿ, ಸೊಪ್ಪು ಮಾರುವವಳು. ಧಾನ್ಯದ ವ್ಯಾಪಾರಿಯ ಸೇರಿಗೆ ಎರಡು ತಳ ಇರುವುದನ್ನು ಪತ್ತೆ ಮಾಡಿ, ತುಂಬಿದ ಸಂತೆಯಲ್ಲಿ ಅದನ್ನು ಕಲ್ಲಿನಿಂದ ಜಜ್ಜಿ, ಒಳತಳ ಕಿತ್ತು ಎಲ್ಲರಿಗೂ ಎತ್ತಿ ತೋರಿಸಿದ್ದಳು. ಮೋಸ ಮಾಡಿದವನ ಕೂದಲೂ ಕೊಂಕಲಿಲ್ಲ. ಸರ್ಕಾರದ ಮುದ್ರೆಯಿದ್ದ ಸೇರು ಹಾಳುಮಾಡಿದಳೆಂದು ಅಜ್ಜಿಗೆ ಹನ್ನೊಂದು ದಿನ ಜೈಲು.

ಹೊಸದಾಗಿ ಬಂದ ಪ್ರವಾಸೋದ್ಯಮದ ಅಧಿಕಾರಿಗೆ ಈ ಕಥೆ ರುಚಿಸಲಿಲ್ಲ. ಒಂದು ಬೆಳಿಗ್ಗೆ ಜೈಲತ್ತೆ ಬರುವ ಹೊತ್ತಿಗೆ ಬಾಗಿಲ ಮೇಲೆ ಹೊಸ ಫಲಕ ಏರುತ್ತಿತ್ತು: 'ರಾಜಕುಮಾರನ ಸೆರೆಮನೆ'. ಏಣಿ ಹತ್ತಿ ಮೊಳೆ ಹೊಡೆಯುತ್ತಿದ್ದವನು ಬೇರಾರೂ ಅಲ್ಲ, ಊರಿಗೆಲ್ಲ ಬೋರ್ಡು ಬರೆಯುವ ಅವಳ ತಮ್ಮ.

"ಯಾವ ರಾಜಕುಮಾರನೋ ಇವನು?"

"ನಂಗೇನ್ ಗೊತ್ತು ಅಕ್ಕಾ? ಬರ್ಕೊಟ್ಟಿದ್ದನ್ನ ಬರ್ದೆ," ಎಂದ ತಮ್ಮ, ಕೆಳಗೆ ನೋಡದೆ.

ಅಧಿಕಾರಿ ಒಂದು ಹಾಳೆ ಚಾಚಿದ. "ನೋಡಮ್ಮ, ಸೊಪ್ಪು ಮಾರೋಳ ಕಥೆ ಕೇಳೋಕೆ ಯಾರು ಬರ್ತಾರೆ? ರಾಜಕುಮಾರ ಅಂದ್ರೆ ಜನ ಮುಗಿಬೀಳ್ತಾರೆ, ಚೀಟಿಗೂ ಹತ್ತರಷ್ಟು ಬೆಲೆ ಇಡಬಹುದು. ನಾಳೆಯಿಂದ ಇದನ್ನೇ ಹೇಳಿ."

ಅವಳು ಓದಿದಳು. ರಾಜಕುಮಾರ, ಪ್ರೇಮ, ಕೋಣೆ ತುಂಬ ಕಣ್ಣೀರು. "ಇವನು ಇಲ್ಲಿದ್ದದ್ದಕ್ಕೆ ದಾಖಲೆ ಇದ್ಯಾ ಸಾರ್?"

"ಕಥೆಗೆ ಯಾಕಮ್ಮ ದಾಖಲೆ?"

"ನಮ್ಮಜ್ಜಿಗಿದೆ. ಜೈಲಿನ ರಿಜಿಸ್ಟರ್‌ನಲ್ಲಿ ಅವಳ ಹೆಬ್ಬೆಟ್ಟಿದೆ. ಅವಳನ್ನ ಎಬ್ಬಿಸಿ ಆ ಜಾಗದಲ್ಲಿ ಇಲ್ಲದೋನನ್ನ ಮಲಗಿಸು ಅಂದ್ರೆ ನನ್ನ ಕೈಲಾಗಲ್ಲ."

"ಹಾಗಾದ್ರೆ ಬೀಗದ ಕೈ ಕೊಟ್ಟು ಮನೆಗೆ ಹೋಗಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಜೈಲತ್ತೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬೀಗದ ಕೈಯನ್ನು ಅವನ ಅಂಗೈಗೆ ಕುಕ್ಕಿದಳು.

"ತಗೊಳ್ಳಿ. ಜೈಲು ನಿಮ್ಮದು, ಅಜ್ಜಿ ನನ್ನೋಳು."

ಮರುದಿನ ಇಸ್ತ್ರಿ ಅಂಗಿಯ ಹೊಸಬನೊಬ್ಬ ಒಳಗೆ ನಿಂತು, ಹಾಳೆ ನೋಡಿಕೊಂಡು ರಾಜಕುಮಾರನಿಂದ ಕಣ್ಣೀರು ಹಾಕಿಸುತ್ತಿದ್ದ. ಹೊರಗೆ ಸಂತೆಬೀದಿಯಲ್ಲಿ, ಜೈಲಿನ ಕಿಟಕಿಯ ಕೆಳಗೆ, ಜೈಲತ್ತೆ ಬಂದು ನಿಂತಳು. ಕಿಟಕಿ ಎತ್ತರದಲ್ಲಿತ್ತು. ಎಲ್ಲಿದ್ದನೋ ತಮ್ಮ, ಖಾಲಿ ಬಣ್ಣದ ಡಬ್ಬ ತಂದು ಬೋರಲು ಹಾಕಿದ.

"ಹತ್ತು ಅಕ್ಕಾ. ನನಗೂ ಅವಳು ಅಜ್ಜೀನೇ."

ಅವಳು ಹತ್ತಿ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಸಂತೆಗೆ ಬಂದವರು ಚೀಲ ಇಳಿಸಿ ನಿಂತರು. ಒಳಗಿದ್ದವರು ಒಬ್ಬೊಬ್ಬರಾಗಿ ಎದ್ದು ಕಿಟಕಿಯತ್ತ ತಿರುಗಿದರು.

ಅಧಿಕಾರಿ ದಡಬಡ ಓಡಿಬಂದ. "ಏನಮ್ಮ ಇದು ಗಲಾಟೆ?"

"ಬೀದೀಲಿ ಮಾತಾಡೋಕೂ ಚೀಟಿ ಬೇಕಾ ಸಾರ್?"

ನಿಂತವರು ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪೇರಿತು. "ಏಯ್, ಆ ಕಿಟಕಿ ಮುಚ್ಚಯ್ಯಾ!" ಎಂದು ಒಳಗಿದ್ದ ಹೊಸಬನ ಮೇಲೆ ಹರಿಹಾಯ್ದ.

"ಹೇಗ್ ಮುಚ್ಚೋದು ಸಾರ್?" ಒಳಗಿನಿಂದ ದನಿ ಬಂತು. "ಜೈಲಿನ ಕಿಟಕಿ ಇದು, ಬರೀ ಕಂಬಿ ಇದೆ."

ಒಳಗಿದ್ದ ಹೆಂಗಸೊಬ್ಬಳು ಕಿಟಕಿಯ ಕೆಳಗಿನ ಜಗುಲಿ ಹತ್ತಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಹೊರಗೆ ಇಣುಕಿದಳು.

"ನಿಲ್ಲಿಸ್ಬೇಡಿ ಅತ್ತೆ. ನಿಮ್ಮಜ್ಜಿ ಸೇರು ಜಜ್ಜಿದ್ರು, ಆಮೇಲೆ?"